ವಿಂಡೋಸ್, ಮ್ಯಾಕ್, ಲಿನಕ್ಸ್: ಕೊಪ್ಪಳದ ನಮ್ಮ ಮನೆಗೆ ಯಾವುದು ಬಂತು, ಯಾಕೆ ಬಂತು

ನಮ್ಮ ಮುಂದಿನ ಕೋಣೆಯ ಕಂಪ್ಯೂಟರ್ 2014ರಲ್ಲಿ ಕೊಂಡದ್ದು. ಇಂಟೆಲ್ ಕಂಪನಿಯ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಊರ ಮೇಷ್ಟ್ರ ಕವನ ಸಂಕಲನ, ಎಲ್ಲ ಅದರಲ್ಲೇ ಆಗಿವೆ. ಆಗ ಮಗಳು ಸಣ್ಣವಳು, ಅತ್ತೆಗೆ ಆರೋಗ್ಯ ಸರಿ ಇರಲಿಲ್ಲ, ಮನೆ ಬಿಟ್ಟು ಹೋಗಿ ದುಡಿಯುವ ಹಾಗಿರಲಿಲ್ಲ. ಡಿಟಿಪಿ ಸೆಂಟರಿನಲ್ಲಿ ಕಲಿತ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸವನ್ನು ಮನೆಗೇ ತಂದುಕೊಂಡೆ. ಆ ಪೆಟ್ಟಿಗೆಯ ಮೇಲೆ ನನಗೆ ಪ್ರೀತಿ ಇದೆ. ಅದು ನಮ್ಮನ್ನು ಸಾಕಿದೆ.

ಕಳೆದ ವರ್ಷ ಮಳೆಗಾಲದಲ್ಲಿ ಪರದೆಯ ಮೇಲೆ ಪದೇ ಪದೇ ಒಂದು ಸೂಚನೆ ಬರತೊಡಗಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಈ ಯಂತ್ರಕ್ಕೆ ಅದು ಇಲ್ಲ. ಅದಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಇಲ್ಲವೇ ಅದರ ನಂತರದ್ದು ಬೇಕು. ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಪಡೆಯುವ ದಾರಿ ಇತ್ತು, ನಿಜ. ಆದರೆ ಯಂತ್ರಕ್ಕೂ ವಯಸ್ಸಾಗಿತ್ತು. ಫೋನಿನಲ್ಲಿ ತೆಗೆದ ವಿಡಿಯೋ ಹಾಕಿದರೆ ನಿಂತು ನಿಂತು ಓಡುತ್ತಿತ್ತು. ನಾನು ಸುತ್ತಲಿನ ಹಳ್ಳಿಗಳ ದೊಡ್ಡಾಟ, ತತ್ವಪದಗಳನ್ನು ರೆಕಾರ್ಡ್ ಮಾಡಿ ಇಡುತ್ತಾ ಬಂದಿದ್ದೇನೆ. ಆ ಕೆಲಸಕ್ಕೆ ದುಡ್ಡು ಸಿಗುವುದಿಲ್ಲ, ಆದರೆ ನನಗೆ ಅದೇ ಮುಖ್ಯ. ಹಾಡುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹಾಗಾಗಿ ಹೊಸದು ಬೇಕೇ ಬೇಕಾಗಿತ್ತು. ಯಾವುದು ಅನ್ನುವುದೇ ಪ್ರಶ್ನೆ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಮಗಳ ಕಾಲೇಜಿನ ಹುಡುಗರು ಲಿನಕ್ಸ್ ಅಂದರು, ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳುವ ಉಚಿತ ವ್ಯವಸ್ಥೆ ಅದು. ಬಳ್ಳಾರಿಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರುವ ನನ್ನ ಗೆಳತಿ, ಕಣ್ಣು ಮುಚ್ಚಿ ಆಪಲ್ ಕಂಪನಿಯ ಮ್ಯಾಕ್ ತಗೋ ಅಂದಳು. ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಮಾಡುವ ಹುಡುಗ, ಅಕ್ಕಾ ನಿಮ್ಮ ಕೆಲಸಕ್ಕೆ ವಿಂಡೋಸ್ ಬಿಟ್ಟು ಬೇರೆ ಆಗಲ್ಲ ಅಂದ. ಮೂವರೂ ಅವರವರ ಕೆಲಸ ನೋಡಿ ಹೇಳಿದ್ದು. ನನ್ನ ಕೆಲಸ ಏನು ಅಂತ ನಾನೇ ಮೊದಲು ನೋಡಿಕೊಳ್ಳಬೇಕಿತ್ತು.

ಒಂದು ವಾರ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೆ. ಯಾವ ಸಾಫ್ಟ್‌ವೇರ್ ತೆರೆದರೂ ಬರೆದೆ, ಎಷ್ಟು ಹೊತ್ತು ಅಂತಲೂ ಬರೆದೆ. ವಾರ ಮುಗಿದ ಮೇಲೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಸುಮ್ನೆ ಕನ್ನಡ ಟೈಪ್ ಮಾಡುವುದು, ಓದಿ ತಿದ್ದುವುದು. ಅದಾದ ಮೇಲೆ ಪತ್ರಿಕೆಗಳ ಚಿತ್ರ, ವಿನ್ಯಾಸ ಮಾಡುವ ಕೋರಲ್‌ಡ್ರಾ. ನಂತರ ವಿಡಿಯೋ. ಹಳೆಯ ಇಬ್ಬರು ಗಿರಾಕಿಗಳಿಗಾಗಿ ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಎರಡು ಸಲ ತೆರೆದಿದ್ದೆ. ಯಂತ್ರ ಎಷ್ಟು ವೇಗ ಅನ್ನುವುದಕ್ಕಿಂತ ಅದು ಕನ್ನಡವನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದು ನನಗೆ ದೊಡ್ಡದು ಅಂತ ಆ ಪುಟ ನೋಡಿದ ಮೇಲೆ ಗೊತ್ತಾಯಿತು.

ಮೊದಲು ಲಿನಕ್ಸ್ ನೋಡಿದೆ, ಯಾಕೆಂದರೆ ಅದಕ್ಕೆ ಖರ್ಚಿಲ್ಲ. ಲಿನಕ್ಸ್ ಮಿಂಟ್ ಅನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಬಹುದು, ಒಳಗಿನ ಹಾರ್ಡ್ ಡಿಸ್ಕ್ ಮುಟ್ಟಬೇಕಿಲ್ಲ. ಹನ್ನೊಂದು ವರ್ಷದ ಯಂತ್ರ ಹೊಸದರ ಹಾಗೆ ಎದ್ದು ಕೂತಿತು. ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಎಂ17ಎನ್ ಹಾಕಿ, ಕನ್ನಡದಲ್ಲಿ ಕೆಜಿಪಿ ಅನ್ನುವುದನ್ನು ಆರಿಸಿದೆ. ಇದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಇರುವ ಕೀಲಿಮಣೆಯೇ, ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆಯಿಂದ ಬಂದದ್ದು. ಕೆ ಒತ್ತಿದರೆ ಕ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರ ಬೇಕಾದರೆ ನಡುವೆ ಎಫ್. ನನ್ನ ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಒಂದು ಪುಟ ಟೈಪ್ ಮಾಡಿದೆ, ಒತ್ತಕ್ಷರಗಳೆಲ್ಲ ಚೆನ್ನಾಗಿ ಕೂತವು. ಮನಸ್ಸಿಗೆ ತುಂಬಾ ಖುಷಿಯಾಯಿತು.

ಆಮೇಲೆ ನನ್ನ ಹಳೆಯ ಫೈಲ್ ತೆರೆದೆ.

ಒಂದು ದೊಡ್ಡಾಟದ ಪ್ರತಿ. ಹಳ್ಳಿಯ ಭಾಗವತರು ಒಬ್ಬರು ಕೈಬರಹದಲ್ಲಿ ಇಟ್ಟಿದ್ದನ್ನು ನಾನು ಏಳೆಂಟು ವರ್ಷದ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ್ದು. ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಕನ್ನಡ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೆರೆ ಇರುವ ಎ, ಪೌಂಡಿನ ಗುರುತು, ಮತ್ತೆ ಅದೇ ಗೆರೆಯ ಎ, ಆಮೇಲೆ ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ಇಡೀ ಆಟ ಹೀಗೇ ಇತ್ತು. ಪರದೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇದು ಲಿನಕ್ಸ್‌ನ ತಪ್ಪಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಕಾಲಕ್ಕೆ ಇದ್ದ ಜಾಗ ಒಟ್ಟು 256, ಅಷ್ಟರಲ್ಲಿ ಕನ್ನಡವನ್ನು ಹೊಂದಿಸಬೇಕಿತ್ತು. ಆ ಪಿ ಅಂದರೆ ಕ ಅಕ್ಷರದ ಮೈ. ಆ ಗೆರೆಯ ಎ ಅಂದರೆ ತಲೆಕಟ್ಟು. ಅದಕ್ಕೇ ಅದು ಮತ್ತೆ ಮತ್ತೆ ಬರುತ್ತಿತ್ತು, ಬಹಳಷ್ಟು ಅಕ್ಷರಕ್ಕೆ ತಲೆಕಟ್ಟು ಬೇಕಲ್ಲ. ನುಡಿ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಇದು ಕನ್ನಡವಾಗಿ ಕಾಣುತ್ತದೆ. ಫಾಂಟ್ ತೆಗೆದರೆ ಒಳಗೆ ಕನ್ನಡವೇ ಇಲ್ಲ. ಯೂನಿಕೋಡ್ ಅನ್ನುವ ಈಗಿನ ಅಕ್ಷರ ಪದ್ಧತಿ ಹಾಗಲ್ಲ, ಅದರಲ್ಲಿ ಕ ಅಂದರೆ ಕ, ಯಾವ ಯಂತ್ರದಲ್ಲಾದರೂ ಕ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿಯಿಂದ ತುಂಗಾ ಫಾಂಟಿನ ಜೊತೆ ಬಂತು. ಆದರೂ ನಾವು ಡಿಟಿಪಿಯವರು ಹಳೆಯದರಲ್ಲೇ ಉಳಿದೆವು, ಯಾಕೆಂದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದೇ 2001ರಲ್ಲಿ. ಪ್ರೆಸ್‌ನವರು ಅದನ್ನೇ ಕೇಳುತ್ತಿದ್ದರು, ನಾವು ಅದನ್ನೇ ಕೊಡುತ್ತಿದ್ದೆವು.

ಲಿನಕ್ಸ್ ಪೆನ್ ಡ್ರೈವ್ ತೆಗೆದಿಟ್ಟು ಬಳ್ಳಾರಿಗೆ ಹೊರಟೆ. ಗೆಳತಿಯ ಮ್ಯಾಕ್ ಮೇಲೆ ನನ್ನದೇ ಫೈಲುಗಳನ್ನು ಹಾಕಿ ನೋಡಬೇಕಿತ್ತು, ಅವಳ ವಿಡಿಯೋ ನೋಡಿ ನಾನು ತೀರ್ಮಾನ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ರೈಲು ಹಿಡಿದೆ. ಗಿಣಿಗೇರಿ, ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು, ಬಳ್ಳಾರಿ. ಬ್ಯಾಗಿನಲ್ಲಿ ಹಾರ್ಡ್ ಡಿಸ್ಕ್ ಇತ್ತು, ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಅವಳ ಮ್ಯಾಕ್ ಮಿನಿ ಎಂ4 ಮೇಜಿನ ಮೂಲೆಯಲ್ಲಿ ಮಸಾಲೆ ಡಬ್ಬಿಯಷ್ಟು ಜಾಗದಲ್ಲಿ ಕೂತಿತ್ತು. ಐದು ಇಂಚು ಉದ್ದ, ಐದು ಇಂಚು ಅಗಲ. ಸ್ಟುಡಿಯೋದ ಹುಡುಗರು ಹೊರಗೆ ಹೋದ ಮೇಲೆ ಅರ್ಧ ದಿನ ಅದರ ಮುಂದೆ ಕೂತೆ. ಮೊದಲು ಹಾಕಿದ್ದು ವಿಡಿಯೋ. ಇಪ್ಪತ್ತೆರಡು ನಿಮಿಷದ ದೊಡ್ಡಾಟ, ಸಾರಥಿ ರಂಗಕ್ಕೆ ಬರುವ ಭಾಗ, ಫೋನಿನಲ್ಲಿ 4ಕೆ ತೆಗೆದದ್ದು. ನಮ್ಮ ಮನೆಯಲ್ಲಿ ಇದನ್ನು ರಾತ್ರಿ ಹಚ್ಚಿ ಮಲಗಬೇಕು. ಅಲ್ಲಿ ವಿಡಿಯೋ ಕತ್ತರಿಸಿ ಜೋಡಿಸುವ ಡಾವಿಂಚಿ ರಿಸಾಲ್ವ್‌ನಲ್ಲಿ ಎಲ್ಲಿ ಬೇಕಾದರೂ ಬೆರಳಿಟ್ಟು ಎಳೆದರೆ ಚಿತ್ರ ಜೊತೆಗೇ ಬರುತ್ತಿತ್ತು. ಮದ್ದಳೆಯ ಏಟಿಗೂ ಹೆಜ್ಜೆಗೂ ಸರಿಯಾಗಿ ಕತ್ತರಿಸಲು ಮೊದಲ ಸಲ ಆಯಿತು. ಎಕ್ಸ್‌ಪೋರ್ಟ್ ಹಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಡಬ್ಬಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೆ. ಫ್ಯಾನ್ ಸದ್ದೂ ಕೇಳಲಿಲ್ಲ.

ಆದರೆ ಆ ವಿಡಿಯೋವನ್ನು ನನ್ನ ಹಾರ್ಡ್ ಡಿಸ್ಕ್‌ಗೆ ವಾಪಸ್ ಹಾಕಲು ಹೋದರೆ ಆಗಲಿಲ್ಲ. ನನ್ನ ಡಿಸ್ಕ್ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ರೀತಿಯದು. ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಚೆನ್ನಾಗಿತ್ತು. ಮೂರೂ ಕಡೆ ಓದಿ ಬರೆಯಲು ಬರುವುದು ಎಕ್ಸ್‌ಫ್ಯಾಟ್. ಎರಡು ಬಗೆಯ ಯಂತ್ರದ ನಡುವೆ ಓಡಾಡುವ ಡಿಸ್ಕ್ ಇದ್ದರೆ ಮೊದಲು ಬೇರೆ ಕಡೆ ಪ್ರತಿ ಮಾಡಿಟ್ಟುಕೊಂಡು, ಆಮೇಲೆ ಅದನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಬದಲಿಸುವಾಗ ಡಿಸ್ಕ್ ಖಾಲಿಯಾಗುತ್ತದೆ, ಅದು ನೆನಪಿರಲಿ.

ಕನ್ನಡ ಟೈಪಿಂಗ್ ವಿಚಾರ ಅಲ್ಲಿ ಬೇರೆ. ಮ್ಯಾಕ್‌ನಲ್ಲಿ ಕನ್ನಡ ಇದೆ, ಫಾಂಟುಗಳೂ ಇವೆ, ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್. ಯೂನಿಕೋಡ್ ಪುಟ ತೆರೆದರೆ ನೋಡಲು ಆನಂದ. ಆದರೆ ನಾನು ಕಲಿತ ಕೀಲಿಮಣೆ ಅದರ ಪಟ್ಟಿಯಲ್ಲಿ ಇರಲಿಲ್ಲ. ಉಕುಲೇಲೆ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ನಮಗೆ ಬೇಕಾದ ಕೀಲಿಮಣೆ ನಾವೇ ಮಾಡಿಕೊಳ್ಳಬಹುದು. ಇನ್ನು ಹಳೆಯ ನುಡಿ ಫೈಲು? ಫಾಂಟ್ ಹಾಕಿದರೆ ಕಂಡಿತು. ತಿದ್ದಲು ಹೋದರೆ ಟೈಪ್ ಮಾಡಲು ಬರಲಿಲ್ಲ. ಪೇಜ್‌ಮೇಕರ್ ಫೈಲು ತೆರೆಯುವ ಮಾತೇ ಇಲ್ಲ, ಅದರ ಜಾಗಕ್ಕೆ ಅಡೋಬಿ ಕಂಪನಿ ತಂದ ಇನ್‌ಡಿಸೈನ್ ಕೂಡ ಈಗ ಅದನ್ನು ನೇರವಾಗಿ ತೆರೆಯುವುದಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಯೋಚನೆ. ಮ್ಯಾಕ್ ಆದರೂ ಅದೇ ತೊಂದರೆ, ಲಿನಕ್ಸ್ ಆದರೂ ಅದೇ. ವಿಂಡೋಸ್ ತಗೊಂಡರೆ ಇವತ್ತಿಗೆ ತೊಂದರೆ ಇಲ್ಲ, ಆದರೆ ಇನ್ನು ಹತ್ತು ವರ್ಷಕ್ಕೆ? ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದೇ ಇಪ್ಪತ್ತನಾಲ್ಕು ವರ್ಷವಾಗಿತ್ತು. ಅದು ಓಡುವ ಯಂತ್ರ ಸಿಗುವವರೆಗೆ ಮಾತ್ರ ನನ್ನ ಫೈಲುಗಳಿಗೆ ಜೀವ. ಅಂದರೆ ಯಾವ ಕಂಪ್ಯೂಟರ್ ಅಂತ ಆರಿಸುವ ಸ್ವಾತಂತ್ರ್ಯವೇ ನನಗೆ ಇರಲಿಲ್ಲ. ನನ್ನ ಅಕ್ಷರಗಳು ಒಂದೇ ಕಡೆ ಸಿಕ್ಕಿಬಿದ್ದಿದ್ದವು. ಅವನ್ನು ಬಿಡಿಸದೆ ಯಾವ ಯಂತ್ರ ತಂದರೂ ಒಂದೇ. ಮೊದಲು ಅಕ್ಷರ, ಆಮೇಲೆ ಯಂತ್ರ ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. ಮುನಿರಾಬಾದಿನಲ್ಲಿ ಕತ್ತಲಾಗಿತ್ತು.

ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಎಲ್ಲವನ್ನೂ ಬದಲಿಸಬೇಕಿಲ್ಲ. ಮುಗಿದ ಮದುವೆಯ ಪತ್ರಿಕೆ ಯಾರಿಗೂ ಬೇಡ, ಮಾದರಿಗೆ ಇಪ್ಪತ್ತು ಇಟ್ಟುಕೊಂಡರೆ ಸಾಕು. ಬೇಕಾದದ್ದು ಪುಸ್ತಕಗಳು, ತತ್ವಪದದ ಸಂಗ್ರಹ, ಮತ್ತೆ ಏಳು ದೊಡ್ಡಾಟದ ಪ್ರತಿಗಳು. ಪೇಜ್‌ಮೇಕರ್‌ನಿಂದ ಪಠ್ಯವನ್ನು ಹೊರಗೆ ತೆಗೆದು, ಪರಿವರ್ತಕಕ್ಕೆ ಹಾಕಿ, ಯೂನಿಕೋಡ್ ಮಾಡಿ ಉಳಿಸುವುದು. ನುಡಿಯಲ್ಲೂ ಬರಹ ಅನ್ನುವ ಸಾಫ್ಟ್‌ವೇರಿನಲ್ಲೂ ಪರಿವರ್ತಕ ಇದೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಒಂದು ಪುಸ್ತಕ ಕ್ಷಣದಲ್ಲಿ ಆಗುತ್ತದೆ. ಓದಿ ತಿದ್ದಲು ವಾರ ಹಿಡಿಯುತ್ತದೆ.

ಎಲ್ಲಿ ತಪ್ಪು ಬರುತ್ತದೆ ಅಂತ ಹೇಳುತ್ತೇನೆ, ಈ ಕೆಲಸ ಮಾಡುವವರಿಗೆ ಉಪಯೋಗವಾಗಲಿ. ಮೊದಲನೆಯದು ಕನ್ನಡದ ನಡುವೆ ಬಂದ ಇಂಗ್ಲಿಷ್. ಹಳೆಯ ಫೈಲಿನಲ್ಲಿ ಇದು ಇಂಗ್ಲಿಷ್, ಇದು ಕನ್ನಡ ಅಂತ ಹೇಳುತ್ತಿದ್ದುದು ಫಾಂಟ್ ಮಾತ್ರ. ಪಠ್ಯ ಹೊರಗೆ ತೆಗೆದಾಗ ಆ ಗುರುತು ಹೋಗುತ್ತದೆ. ಆಗ ಇಮೇಲ್ ವಿಳಾಸ, ಪದವಿಯ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತವೆ. ಎರಡನೆಯದು ಅರ್ಕಾವತ್ತು. ಧರ್ಮ ಅಂತ ಬರೆದಾಗ ಹಳೆಯ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಇರುತ್ತದೆ, ಧ, ಮ, ಕೊನೆಗೆ ಅರ್ಕಾವತ್ತಿನ ಕೊಂಡಿ. ಯೂನಿಕೋಡ್‌ನಲ್ಲಿ ಬಾಯಿ ಹೇಳುವ ಕ್ರಮ, ಧ, ರ್, ಮ. ಪರಿವರ್ತಕ ಆ ಕೊಂಡಿಯನ್ನು ಹಿಂದಕ್ಕೆ ತಂದು ಸರಿಯಾದ ಜಾಗಕ್ಕೆ ಕೂರಿಸಬೇಕು. ಬಹಳ ಸಲ ಸರಿಯಾಗುತ್ತದೆ. ಟೈಪ್ ಮಾಡುವಾಗ ನಡುವೆ ಒಂದು ಖಾಲಿ ಜಾಗ ಬಿದ್ದಿದ್ದರೆ ಅಥವಾ ಒತ್ತು ತಿದ್ದಿ ಮತ್ತೆ ಹಾಕಿದ್ದರೆ ಎಲ್ಲಿಗೋ ಹೋಗಿ ಕೂರುತ್ತದೆ. ದೊಡ್ಡಾಟದ ಪ್ರತಿಯಲ್ಲಿ ಪಾರ್ಥ, ಕರ್ಣ, ಧರ್ಮ, ಸೂರ್ಯ ಇವೇ ಮಾತು. ಪುಟಕ್ಕೆ ಇಪ್ಪತ್ತು ಸಲ ಅರ್ಕಾವತ್ತು.

ಸಂಜೆ ಮಗಳು ಕಾಲೇಜಿನಿಂದ ಬಂದ ಮೇಲೆ ಇಬ್ಬರೂ ಕೂರುತ್ತಿದ್ದೆವು. ಅವಳು ಪರದೆ ನೋಡಿ ಗಟ್ಟಿಯಾಗಿ ಓದುವುದು, ನಾನು ಹಳೆಯ ಪ್ರಿಂಟ್ ಹಿಡಿದು ಕೇಳುವುದು. ಕರಣ ಅಂತ ಅವಳು ಓದಿದರೆ ಅಲ್ಲಿ ಅರ್ಕಾವತ್ತು ತಪ್ಪಿದೆ ಅಂತ ಅರ್ಥ. ಮೊದಲು ಬೇಜಾರು ಮಾಡಿಕೊಂಡಳು. ನಾಲ್ಕು ದಿನ ಆದ ಮೇಲೆ ಮಾತಿನ ಲಯ ಹಿಡಿದು, ಪಾತ್ರದವರ ಹಾಗೆ ದನಿ ಏರಿಸಿ ಓದತೊಡಗಿದಳು. ಬಾಯಿಂದ ಮೊದಲು ಬರುವ ರ್ ಬರೆಯುವಾಗ ಯಾಕೆ ಕೊನೆಗೆ ಬರುತ್ತದೆ ಅಂತ ಕೇಳಿದಳು. ನಾನು ಇಷ್ಟು ವರ್ಷ ಟೈಪ್ ಮಾಡಿದ್ದೇನೆ, ಒಂದು ದಿನವೂ ಆ ಪ್ರಶ್ನೆ ಬಂದಿರಲಿಲ್ಲ. ಒಳಮನೆಯಿಂದ ಅತ್ತೆ ಆಟದ ಪದದ ಮುಂದಿನ ಸಾಲನ್ನು ತಾವೇ ಹೇಳಿದರು. ಅವರಿಗೆ ಅದು ಬಾಯಿಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅಕ್ಷರದ ಕೆಲಸ ಒಂದು ಕಡೆ ನಡೆಯುತ್ತಿರುವಾಗಲೇ ಸಾಫ್ಟ್‌ವೇರ್ ವಿಚಾರಕ್ಕೆ ಬಂದೆ. ಅಂಗಡಿಯೊಂದರಲ್ಲಿ ಹೊಸ ವಿಂಡೋಸ್ ಕಂಪ್ಯೂಟರಿಗೆ ಬೆಲೆ ಕೇಳಿದೆ. ಮಾನಿಟರ್ ಬಿಟ್ಟು 52 ಸಾವಿರ ಅಂದರು, ಹದಿನಾರು ಜಿಬಿ ರ‍್ಯಾಮ್, ಒಂದು ಟಿಬಿ ಎಸ್‌ಎಸ್‌ಡಿ. ಎಲ್ಲಾ ಸಾಫ್ಟ್‌ವೇರ್ ನಾವೇ ಹಾಕಿ ಕೊಡ್ತೀವಿ ಅಂತಲೂ ಅಂದರು. ಅಂದರೆ ಕಳ್ಳ ಪ್ರತಿ. ನನಗೆ ಅದರ ಪೆಟ್ಟು ಗೊತ್ತು. ಕೆಲವು ವರ್ಷದ ಹಿಂದೆ ಒಬ್ಬರು ಹಾಕಿಕೊಟ್ಟ ಅಂಥದೇ ಪ್ರತಿಯ ಜೊತೆ ವೈರಸ್ ಬಂದು ಒಂದು ಶಾಲೆಯ ಸ್ಮರಣ ಸಂಚಿಕೆ ಪೂರ್ತಿ ಹಾಳಾಯಿತು. ಎಂಬತ್ತು ಪುಟ, ಮಕ್ಕಳ ಫೋಟೋ ಸಮೇತ. ಮತ್ತೆ ಮೊದಲಿಂದ ಮಾಡಿಕೊಟ್ಟೆ. ಹನ್ನೆರಡು ರಾತ್ರಿ ಹೋಯಿತು. ಈ ಸಲ ಕಳ್ಳ ಪ್ರತಿ ಬೇಡವೇ ಬೇಡ ಅಂತ ನಿರ್ಧಾರ ಮಾಡಿದ್ದೆ. ಹಾಗೆ ಮಾಡಿದರೆ ಲೆಕ್ಕವೇ ಬದಲಾಗುತ್ತದೆ, ಯಾಕೆಂದರೆ ಅಡೋಬಿಗೆ ಚಂದಾ ಕಟ್ಟುತ್ತಲೇ ಇರಬೇಕು, ಕೋರಲ್‌ಗೂ ದುಡ್ಡು ಕೊಡಬೇಕು, ನನ್ನ ಸಂಪಾದನೆಗೆ ಎರಡೂ ಜಾಸ್ತಿ.

ಹಾಗಾಗಿ ಮೂರೂ ಕಡೆ ಸಿಗುವ, ಉಚಿತವಾದ ಸಾಫ್ಟ್‌ವೇರ್ ಮಾತ್ರ ಕಲಿಯುವುದು ಅಂದುಕೊಂಡೆ. ಚಿತ್ರಕ್ಕೆ ಇಂಕ್‌ಸ್ಕೇಪ್ ಮತ್ತು ಗಿಂಪ್, ಪುಟ ಕಟ್ಟಲು ಸ್ಕ್ರೈಬಸ್, ಧ್ವನಿಗೆ ಆಡಾಸಿಟಿ. ಕೋರಲ್‌ಗೆ ಒಗ್ಗಿದ ಕೈಗೆ ಇಂಕ್‌ಸ್ಕೇಪ್ ಮೊದಲು ತುಂಬಾ ತ್ರಾಸು ಕೊಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಲಗ್ನಪತ್ರಿಕೆಗೆ ಕೋರಲ್‌ನಲ್ಲಿ ನಲವತ್ತು ನಿಮಿಷ, ಇದರಲ್ಲಿ ಮೂರು ಗಂಟೆ ಆಯಿತು. ಹತ್ತನೇ ಪತ್ರಿಕೆಗೆ ಬರುವಷ್ಟರಲ್ಲಿ ಒಂದು ಗಂಟೆಗೆ ಇಳಿಯಿತು. ಇಂಕ್‌ಸ್ಕೇಪ್‌ನ ಬಣ್ಣ ಪರದೆಯ ಆರ್‌ಜಿಬಿ. ಪ್ರೆಸ್‌ಗೆ ಬೇಕಾದದ್ದು ನಾಲ್ಕು ಶಾಯಿಯ ಲೆಕ್ಕದ ಸಿಎಂವೈಕೆ. ಅದಕ್ಕೆ ಕೊನೆಯ ಹಂತದಲ್ಲಿ ಸ್ಕ್ರೈಬಸ್‌ಗೆ ತಂದು ಅಲ್ಲಿಂದ ಪಿಡಿಎಫ್ ಮಾಡುತ್ತೇನೆ. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6 ಕನ್ನಡ ಒತ್ತಕ್ಷರವನ್ನು ಸರಿಯಾಗಿ ಕೂರಿಸುತ್ತದೆ. ಇದು ಬಹಳ ದೊಡ್ಡ ವಿಷಯ, ಅದರ ಹಿಂದಿನ ಸ್ಥಿರ ಆವೃತ್ತಿ 1.4ರಲ್ಲಿ ಆಗುತ್ತಿರಲಿಲ್ಲ. ಅಡೋಬಿ ಇಟ್ಟುಕೊಂಡವರೂ ಒಂದು ಮಾತು ಗಮನಿಸಿ, ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಯೂನಿಕೋಡ್ ಕನ್ನಡ ಒಡೆದು ಬೀಳುತ್ತದೆ.

ಪ್ರೆಸ್‌ನವರ ಜೊತೆ ಮಾತಾಡುವುದೇ ನನಗೆ ಭಯವಿತ್ತು. ಗದಗಿನ ಪ್ರೆಸ್‌ಗೆ ಫೋನ್ ಮಾಡಿ, ಇನ್ನು ಮೇಲೆ ಕೋರಲ್ ಫೈಲು ಬರಲ್ಲ, ಪಿಡಿಎಫ್ ಕೊಡ್ತೀನಿ, ನಡೆಯುತ್ತಾ ಅಂತ ಕೇಳಿದೆ. ಅದೇ ಒಳ್ಳೇದಲ್ವಾ ಅಕ್ಕಾ, ಫಾಂಟ್ ಹುಡುಕೋದು ತಪ್ಪುತ್ತೆ ಅಂದರು. ಒಂದು ನಿಮಿಷದ ಮಾತು. ಇಷ್ಟು ದಿನ ಕೇಳದೆ ಕೂತಿದ್ದೆ. ಆದರೆ ಎಲ್ಲರೂ ಹಾಗಲ್ಲ. ಫ್ಲೆಕ್ಸ್ ಹಾಕುವ ಒಬ್ಬರು ಹಳೆಯ ಆವೃತ್ತಿಯ ಕೋರಲ್ ಫೈಲೇ ಬೇಕು, ಕೊನೆ ಗಳಿಗೆಯಲ್ಲಿ ಹೆಸರು ತಿದ್ದಬೇಕಾಗುತ್ತೆ ಅಂದರು. ಅವರ ಮಾತೂ ಸರಿಯೇ. ನಿಮ್ಮ ಹೊಟ್ಟೆಪಾಡೆಲ್ಲ ಅಂಥ ಫೈಲಿನ ಮೇಲೆಯೇ ಇದ್ದರೆ ವಿಂಡೋಸ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ನನ್ನ ಕೆಲಸದಲ್ಲಿ ಅದು ಹತ್ತರಲ್ಲಿ ಒಂದು ಪಾಲು ಇತ್ತು.

ಅಕ್ಷರವೂ ಸಾಫ್ಟ್‌ವೇರೂ ಮೂರು ಕಡೆ ಓಡುವ ಹಾಗಾದ ಮೇಲೆ ಯಂತ್ರದ ಆಯ್ಕೆ ಹಗುರವಾಯಿತು. ಈಗ ನೋಡಬೇಕಾದದ್ದು ನಮ್ಮ ಮನೆ, ನಮ್ಮ ಊರು. ಕೊಪ್ಪಳದ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಿಲ್ಲ. ಮೇ ತಿಂಗಳ ಮಧ್ಯಾಹ್ನ ಶೀಟಿನ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿದರೆ ಅದರ ಬಿಸಿಗಾಳಿ ಬೇರೆ ಕಾಲಿಗೆ ಹೊಡೆಯುತ್ತದೆ. ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿ ಕಟ್ಟೆಯ ಮೇಲೆ ಕರಿ ಪುಡಿ ಕೂರುತ್ತದೆ, ಅದೇ ಪುಡಿ ಪೆಟ್ಟಿಗೆಯ ಫ್ಯಾನಿಗೂ ಹೋಗುತ್ತದೆ. ವರ್ಷಕ್ಕೆ ಮೂರು ಸಲ ಬಿಚ್ಚಿ ಊದಿಸುತ್ತಿದ್ದೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ತಡೆಯುತ್ತಿತ್ತು, ಅಷ್ಟರಲ್ಲಿ ಉಳಿಸಿ ಮುಚ್ಚಬೇಕು.

ಮ್ಯಾಕ್ ಮಿನಿ ಎಂ4 ಸುಮ್ಮನೆ ಇದ್ದಾಗ 4 ವ್ಯಾಟ್ ತಗೊಳ್ಳುತ್ತದೆ, ಪೂರ್ತಿ ದುಡಿದಾಗ 65 ವ್ಯಾಟ್. ಇದು ಆಪಲ್ ಕೊಟ್ಟಿರುವ ಲೆಕ್ಕ. ನನಗೆ ಬೇರೆ ಎಲ್ಲಕ್ಕಿಂತ ಈ ಅಂಕಿಯೇ ಹತ್ತಿರವಾಯಿತು. ಆಗ ಅದರ ಬೆಲೆ 59,900 ರೂಪಾಯಿ ಇತ್ತು, ಹದಿನಾರು ಜಿಬಿ ಮೆಮೊರಿ, 256 ಜಿಬಿ ಜಾಗ. ಜಾಗ ಕಡಿಮೆ, ಅದಕ್ಕೆ ಹೊರಗಿನ ಒಂದು ಟಿಬಿ ಎಸ್‌ಎಸ್‌ಡಿ ಸೇರಿಸಿಕೊಂಡೆ, ವಿಡಿಯೋ ಎಲ್ಲ ಅದರಲ್ಲೇ. ಮೆಮೊರಿ ಮುಂದೆ ಹೆಚ್ಚಿಸಲು ಬರುವುದಿಲ್ಲ, ಇದು ನನಗೆ ಇಷ್ಟವಿಲ್ಲದ ಮಾತು. ಹಳೆಯ ಪೆಟ್ಟಿಗೆಗೆ ಬಸ್ ಸ್ಟ್ಯಾಂಡ್ ಹುಡುಗ ಹದಿನೈದು ನಿಮಿಷದಲ್ಲಿ ರ‍್ಯಾಮ್ ಹಾಕಿಕೊಡುತ್ತಿದ್ದ. ಇದು ಕೆಟ್ಟರೆ ಅವನ ಕೈಯಲ್ಲಿ ಆಗುವುದಿಲ್ಲ. ಅದನ್ನೂ ತೂಗಿ ನೋಡಿದೆ. ವಿಡಿಯೋ ಕೆಲಸವನ್ನು ಲಿನಕ್ಸ್‌ನಲ್ಲಿ ಮಾಡಬಹುದಿತ್ತಲ್ಲ ಅಂತ ಮಗಳು ಕೇಳಿದಳು. ಕೆಡೆನ್‌ಲೈವ್ ಅನ್ನುವ ಉಚಿತ ವಿಡಿಯೋ ಸಾಫ್ಟ್‌ವೇರಿನಲ್ಲಿ ಮಾಡಬಹುದು, ಮಾಡಿಯೂ ನೋಡಿದೆ, ಪ್ರಾಕ್ಸಿ ಅಂದರೆ ವಿಡಿಯೋದ ಹಗುರ ಪ್ರತಿ ಹಚ್ಚಿದರೆ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಆದರೆ ನನಗೆ ಬೇಕಾದ ರಿಸಾಲ್ವ್‌ನ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಫೋನಿನ ಎಚ್.264, ಎಚ್.265 ರೂಪದ ವಿಡಿಯೋವನ್ನು ತೆರೆಯುವುದಿಲ್ಲ, ಪ್ರತಿಯೊಂದನ್ನೂ ಬೇರೆ ರೂಪಕ್ಕೆ ಬದಲಿಸಿಕೊಳ್ಳಬೇಕು. ನನ್ನ ಹತ್ತಿರ ಅಂಥ ವಿಡಿಯೋ ನೂರಾರು ಇವೆ.

ನವೆಂಬರಿನಲ್ಲಿ ಮಿನಿ ಮನೆಗೆ ಬಂತು. ಉಕುಲೇಲೆಯಲ್ಲಿ ಎರಡು ದಿನ ಕೂತು ಕೀಲಿಮಣೆ ಮಾಡಿಕೊಂಡೆ. ಈಗ ಎಫ್ ಒತ್ತಿದರೆ ಒತ್ತು ಬರುತ್ತದೆ. ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಒತ್ತುವ ಅಭ್ಯಾಸಕ್ಕೆ ಮೂರು ವಾರ ಹಿಡಿಯಿತು. ಮಾನಿಟರ್ ಹಳೆಯದೇ, ಫುಲ್ ಎಚ್‌ಡಿ. ಮ್ಯಾಕ್ ಅಕ್ಷರ ತೋರಿಸುವ ರೀತಿ ಜಾಸ್ತಿ ಪಿಕ್ಸೆಲ್ ಇರುವ ಪರದೆಗೆ ಹೊಂದುವಂಥದ್ದು, ಹಾಗಾಗಿ ನಮ್ಮ ಮಾನಿಟರಿನಲ್ಲಿ ಸಣ್ಣ ಅಕ್ಷರದ ಒತ್ತುಗಳು ಸ್ವಲ್ಪ ಮಸುಕು. ಪ್ರೂಫ್ ನೋಡುವಾಗ ದೊಡ್ಡದು ಮಾಡಿಕೊಳ್ಳುತ್ತೇನೆ. ಮುಂದಿನ ವರ್ಷ ಮಾನಿಟರ್ ನೋಡಬೇಕು.

ಹಳೆಯ ಯಂತ್ರವನ್ನು ಬಿಸಾಡಲಿಲ್ಲ. ಅದಕ್ಕೆ ಸಣ್ಣ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ತುಂಬಿದೆ. ಮಗಳ ಓದು ಬರಹಕ್ಕೆ ಅದು, ಹಗಲು ಅದರಲ್ಲಿ ನಾನೂ ಟೈಪ್ ಮಾಡುತ್ತೇನೆ. ಸ್ಕ್ರೈಬಸ್ ಫೈಲನ್ನು ಅಲ್ಲಿ ಅರ್ಧ ಮಾಡಿ ಇಲ್ಲಿ ತೆರೆದರೆ ಫಾಂಟ್ ಒಂದೇ ಇದ್ದರೆ ಸಾಲು ಕೂಡ ಕದಲುವುದಿಲ್ಲ. ಹಳೆಯ ವಿಂಡೋಸ್ 10 ಇದ್ದ ಡಿಸ್ಕ್ ಬೇರೆ ಇದೆ, ನೆಟ್ ಹಚ್ಚುವುದಿಲ್ಲ. ಫ್ಲೆಕ್ಸ್‌ನವರಿಗಾಗಿ ಮತ್ತು ಇನ್ನೂ ಹೊರಗೆ ತೆಗೆಯದ ಪೇಜ್‌ಮೇಕರ್ ಫೈಲುಗಳಿಗಾಗಿ ತಿಂಗಳಿಗೆ ಒಂದೆರಡು ಸಲ ಅದನ್ನು ಹಚ್ಚುತ್ತೇನೆ.

ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಕೆಲಸ ತುಂಬಾ ಇತ್ತು. ಒಂದು ಸಂಜೆ ತತ್ವಪದದ ವಿಡಿಯೋ ಎಕ್ಸ್‌ಪೋರ್ಟ್ ಹಚ್ಚಿದ್ದಾಗ ಕರೆಂಟ್ ಹೋಯಿತು. ಅಭ್ಯಾಸ ಬಲದಿಂದ ಮೌಸ್ ಕಡೆ ಕೈ ಓಡಿತು. ಯುಪಿಎಸ್ ಕೂಗುತ್ತಿತ್ತು, ಪರದೆ ಮೇಲೆ ಗೆರೆ ನಿಧಾನವಾಗಿ ಮುಂದೆ ಹೋಗುತ್ತಿತ್ತು. ಕತ್ತಲಲ್ಲಿ ನಾನೂ ಅತ್ತೆಯೂ ಅದನ್ನೇ ನೋಡುತ್ತಾ ಕೂತೆವು. ಮುಗಿಯಿತು. ಮತ್ತೆ ಅರ್ಧ ಗಂಟೆ ಕರೆಂಟ್ ಬರಲಿಲ್ಲ, ಅಷ್ಟೂ ಹೊತ್ತು ಹಾಡು ಕೇಳಿದೆವು.

ಏಳು ಆಟಗಳಲ್ಲಿ ಮೂರು ಪೂರ್ತಿ ಯೂನಿಕೋಡ್ ಆಗಿವೆ, ಓದಿ ತಿದ್ದಿಯೂ ಆಗಿದೆ. ನಾಲ್ಕನೆಯದು ಹದಿನಾರನೇ ಪುಟದಲ್ಲಿ ನಿಂತಿದೆ. ಅಲ್ಲಿ ಕೈಬರಹದ ಪ್ರತಿಯಲ್ಲೇ ಎರಡು ಸಾಲು ಹರಿದಿವೆ. ಅತ್ತೆಗೆ ಆ ಪದ ಗೊತ್ತಿರಬಹುದು, ಇವತ್ತು ಸಂಜೆ ಮಗಳು ಬಂದ ಮೇಲೆ ಕೇಳಬೇಕು.